ಗಾರ್ಚಾಂಪ್‌ಗೆ ಅಡಮಂಟ್ ಮಿಂಟಾ, ಜಾಲಿ ಮಿಂಟಾ? ನೇಚರ್ ಲೆಕ್ಕ ಗೊತ್ತಿರೋರು ಬನ್ನಿ

ಬೆಣ್ಣೆದೋಸೆ_99
ಪೋಕೆಮಾನ್ ಸ್ಕಾರ್ಲೆಟ್ ಕಥೆ ಮುಗೀತು, ಈಗ ರ‍್ಯಾಂಕ್ಡ್ ಡಬಲ್ಸ್‌ಗೆ (ಒಂದೊಂದು ಕಡೆ ಎರಡೆರಡು ಪೋಕೆಮಾನ್) ಟೀಮ್ ಕಟ್ತಿದೀನಿ. ಕೈಲಿರೋ ಗಾರ್ಚಾಂಪ್ ಮಾಡೆಸ್ಟ್ ನೇಚರ್‌ದು (ನೇಚರ್ ಅಂದ್ರೆ ಪೋಕೆಮಾನ್‌ನ ಸ್ವಭಾವ, ಒಂದು ಸ್ಟ್ಯಾಟ್ ಏರಿಸಿ ಇನ್ನೊಂದನ್ನ ಇಳಿಸತ್ತೆ). ಒಬ್ರು "ಅಡಮಂಟ್ ಮಿಂಟ್ ಹಾಕು" ಅಂತಾರೆ, ಇನ್ನೊಬ್ರು "ಜಾಲಿ ಇಲ್ದಿದ್ರೆ ಗಾರ್ಚಾಂಪ್ ದಂಡ" ಅಂತಾರೆ, ಮೂರನೆಯವ್ರು "ಬರೀ ಹತ್ತು ಪರ್ಸೆಂಟು, ತಲೆ ಕೆಡಿಸ್ಕೋಬೇಡ" ಅಂತಾರೆ. ನೇಚರ್‌ನ ಪರಿಣಾಮ ಬದಲಾಯಿಸೋ ಮಿಂಟ್ ಒಂದಕ್ಕೆ 20,000, ಎರಡೂ ಕೊಂಡು ನೋಡೋಷ್ಟು ದುಡ್ಡಿಲ್ಲ. ನೇಚರ್ ನಿಜಕ್ಕೂ ಎಷ್ಟು ಬದಲಾಯಿಸತ್ತೆ? ಎಚ್‌ಪಿಗೂ ತಾಗತ್ತಾ? ಅಂಕಿ ಸಮೇತ ಹೇಳಿ ಪ್ಲೀಸ್.

ಸುಮ್ನೆಬಂದೆ
ಎಚ್‌ಪಿಗೆ ತಾಗಲ್ಲ. ಮಿಕ್ಕಿದ್ದಕ್ಕೆ ಮೇಷ್ಟ್ರು ಬರ್ತಾರೆ, ಕಾಯಿರಿ.

ಲೆಕ್ಕದಮೇಷ್ಟ್ರು
ಬಂದೆ. ಮೊದಲು ಸೂತ್ರ. ಬೇಸ್ ಸ್ಟ್ಯಾಟನ್ನು (ಆ ಜಾತಿಯ ಮೂಲ ಅಂಕಿ) ಎರಡರಿಂದ ಗುಣಿಸಿ, ಐವಿ (ಹುಟ್ಟಿನಿಂದ ಬರುವ 0ರಿಂದ 31ರ ಅಂಕಿ) ಕೂಡಿಸಿ, ಈವಿಯ (ತರಬೇತಿಯಿಂದ ಗಳಿಸುವ ಅಂಕ) ಕಾಲುಭಾಗ ಕೂಡಿಸಿ. ಬಂದದ್ದನ್ನು ಲೆವೆಲ್‌ನಿಂದ ಗುಣಿಸಿ 100ರಿಂದ ಭಾಗಿಸಿ, ದಶಾಂಶ ಬಿಟ್ಟುಬಿಡಿ, 5 ಕೂಡಿಸಿ. ಎಲ್ಲಕ್ಕಿಂತ ಕೊನೆಗೆ ನೇಚರ್: ಏರಿಸುವುದಾದರೆ 1.1, ಇಳಿಸುವುದಾದರೆ 0.9. ಅದಾದ ಮೇಲೆ ಮತ್ತೆ ದಶಾಂಶ ಬಿಡಬೇಕು. ಎಚ್‌ಪಿಗೆ ಬೇರೆ ಸೂತ್ರ: ಅಲ್ಲಿ 5ರ ಬದಲು ಲೆವೆಲ್ ಮತ್ತು 10 ಸೇರುತ್ತವೆ, ನೇಚರ್ ಬರುವುದೇ ಇಲ್ಲ.

ಗಾರ್ಚಾಂಪ್ ಬೇಸ್ ಅಟ್ಯಾಕ್ 130, ಸ್ಪೀಡ್ 102. ರ‍್ಯಾಂಕ್ಡ್‌ನಲ್ಲಿ ಎಲ್ಲವೂ ಲೆವೆಲ್ 50. ಐವಿ 31, ಎರಡರಲ್ಲೂ 252 ಈವಿ ಅಂತ ಇಟ್ಟುಕೊಳ್ಳಿ.

ಅಡಮಂಟ್ (ಅಟ್ಯಾಕ್ ಏರಿಸಿ ಸ್ಪೆಷಲ್ ಅಟ್ಯಾಕ್ ಇಳಿಸುತ್ತೆ): ಅಟ್ಯಾಕ್ 200, ಸ್ಪೀಡ್ 154.
ಜಾಲಿ (ಸ್ಪೀಡ್ ಏರಿಸಿ ಸ್ಪೆಷಲ್ ಅಟ್ಯಾಕ್ ಇಳಿಸುತ್ತೆ): ಅಟ್ಯಾಕ್ 182, ಸ್ಪೀಡ್ 169.
ನಿಮ್ಮ ಈಗಿನ ಮಾಡೆಸ್ಟ್ (ಸ್ಪೆಷಲ್ ಅಟ್ಯಾಕ್ ಏರಿಸಿ ಅಟ್ಯಾಕ್ ಇಳಿಸುತ್ತೆ): ಅಟ್ಯಾಕ್ 163, ಸ್ಪೀಡ್ 154.

"ಬರೀ ಹತ್ತು ಪರ್ಸೆಂಟು" ಅಂದವರಿಗೆ ಈ ಕೊನೇ ಸಾಲು ತೋರಿಸಿ. ಸರಿಯಾದ ನೇಚರ್‌ಗೂ ಏನೂ ಮಾಡದ ನೇಚರ್‌ಗೂ ವ್ಯತ್ಯಾಸ ಹತ್ತು. ಸರಿಯಾದದ್ದಕ್ಕೂ ತಪ್ಪಾದದ್ದಕ್ಕೂ ವ್ಯತ್ಯಾಸ ಇಪ್ಪತ್ತೆರಡರ ಹತ್ತಿರ, ಯಾಕಂದ್ರೆ 1.1ನ್ನು 0.9ರಿಂದ ಭಾಗಿಸಬೇಕು. 163 ಎಲ್ಲಿ, 200 ಎಲ್ಲಿ!

ಇನ್ನೊಂದು ಮಾತು. ಇರುವ 25 ನೇಚರ್‌ಗಳಲ್ಲಿ 20 ಮಾತ್ರ ಕೆಲಸ ಮಾಡುತ್ತವೆ. ಹಾರ್ಡಿ, ಡೋಸೈಲ್, ಸೀರಿಯಸ್, ಬ್ಯಾಶ್‌ಫುಲ್, ಕ್ವರ್ಕಿ ಈ ಐದೂ ಹೆಸರಿಗೆ ಬೇರೆ, ಪರಿಣಾಮ ಸೊನ್ನೆ.

ಹುಬ್ಳಿಹುಲಿ
ಮೇಷ್ಟ್ರ ಲೆಕ್ಕ ಖರೇ ಐತಿ, ಆದ್ರ ಅಟ್ಯಾಕಿನ 18 ಪಾಯಿಂಟೂ ಸ್ಪೀಡಿನ 15 ಪಾಯಿಂಟೂ ಒಂದೇ ತಕ್ಕಡಿ ಒಳಗ ಇಡಬ್ಯಾಡ್ರಿ. ಸ್ಪೀಡ್ ಅಂದ್ರ ಒಂದ ಪಾಯಿಂಟ್ ಹೆಚ್ಚಿದ್ರ ಸಾಕು, ಮೊದಲ ಹೊಡಿಯೂದು ನೀವ. ಒಂದು ಕಡಿಮಿ ಇದ್ರ ಮುಗೀತು.

154ಕ್ಕ ಯಾರ ಯಾರ ಮುಂದ ಹೋಗ್ತಾರ ನೋಡ್ರಿ: ಪೂರ್ತಿ ಸ್ಪೀಡ್ ಹಾಕಿದ ಲುಕಾರಿಯೊ 156, ಲ್ಯಾಂಡೋರಸ್ ಥೇರಿಯನ್ 157, ಉರ್ಶಿಫು 163, ಚಾರಿಜಾರ್ಡ್ 167. ಜಾಲಿ ಹಾಕಿದ್ರ 169. ಈ ನಾಲ್ಕೂ ಹಿಂದ ಬೀಳ್ತಾವ. 102 ಬೇಸ್ ಸ್ಪೀಡ್ ಇರೂದ ಆ 100ರ ಗುಂಪನ್ನ ದಾಟಾಕ. ಅಡಮಂಟ್ ಹಾಕಿ ಅದನ್ನ ಕಳಕೊಂಡ್ರ ಏನ್ ಬಂತ್ರಿ?

ಕುಡ್ಲ_ಟ್ರೈನರ್
ಹುಬ್ಳಿಯವರೇ, ನೀವು ಹೇಳುವುದು ಸಿಂಗಲ್ಸ್‌ಗೆ ಸರಿ. ಇವರು ಕೇಳಿದ್ದು ಡಬಲ್ಸ್ ಅಲ್ವಾ ಮಾರಾಯ್ರೆ. ಡಬಲ್ಸ್‌ನಲ್ಲಿ ಪಕ್ಕದವ ಟೇಲ್‌ವಿಂಡ್ ಹಾಕಿದರೆ ನಾಲ್ಕು ಟರ್ನ್ ಸ್ಪೀಡ್ ಡಬಲ್. ಅಡಮಂಟ್ ಗಾರ್ಚಾಂಪ್ 154 ಹೋಗಿ 308 ಆಗ್ತದೆ. ಬೂಸ್ಟರ್ ಎನರ್ಜಿ ಐಟಂನಿಂದ ಸ್ಪೀಡ್ ಒಂದೂವರೆ ಪಟ್ಟು ಆದ ಟಿಮಿಡ್ (ಸ್ಪೀಡ್ ಏರಿಸುವ ನೇಚರ್) ಫ್ಲಟರ್ ಮೇನ್ ಎಷ್ಟು? 307. ಒಂದೇ ಒಂದು ಪಾಯಿಂಟ್, ಆದರೂ ನಾವೇ ಮುಂದೆ. ಮತ್ತೆ ಜಾಲಿ ಎಂತಕ್ಕೆ?

ಚಾಯ್ಸ್ ಸ್ಕಾರ್ಫ್ ಹಾಕಿದರೂ ಅದೇ ಕಥೆ. 154ರ ಒಂದೂವರೆ ಪಟ್ಟು 231. ಡ್ರಾಗಾಪಲ್ಟ್ ಪೂರ್ತಿ ಸ್ಪೀಡ್ ಹಾಕಿದರೂ 213. ಸ್ಕಾರ್ಫ್ ಇದ್ದ ಮೇಲೂ ಜಾಲಿ ಹಾಕುವುದು ಎದುರಿನವನಿಗೂ ಸ್ಕಾರ್ಫ್ ಉಂಟು ಅಂತ ಹೆದರಿದರೆ ಮಾತ್ರ.

ಹುಬ್ಳಿಹುಲಿ
ಟೇಲ್‌ವಿಂಡ್ ಹಾಕಾಂವ ಮೊದಲ್ನೇ ಟರ್ನಿಗೇ ಬಿದ್ರ?

ಕುಡ್ಲ_ಟ್ರೈನರ್
ಫೋಕಸ್ ಸ್ಯಾಶ್ ಹಿಡಿಸಿ, ಪೂರ್ತಿ ಎಚ್‌ಪಿ ಇದ್ದರೆ ಒಂದೇಟಿಗೆ ಬೀಳುವುದಿಲ್ಲ. ವಿಮ್ಸಿಕಾಟ್ ಆದರೆ ಪ್ರ್ಯಾಂಕ್‌ಸ್ಟರ್‌ನಿಂದ ಟೇಲ್‌ವಿಂಡ್ ಮೊದಲೇ ಬೀಳ್ತದೆ.

ಹುಬ್ಳಿಹುಲಿ
ಫೇಕ್ ಔಟ್ (ಎದುರಿನವ್ರ ಆ ಟರ್ನ್ ತಡಿಯೂ ಏಟು) ಬಿದ್ರ ಅದೂ ಹೋತು. ಪ್ರ್ಯಾಂಕ್‌ಸ್ಟರ್ ಪ್ರಯಾರಿಟಿ +1, ಫೇಕ್ ಔಟ್ +3.

ಕುಡ್ಲ_ಟ್ರೈನರ್
ಕವರ್ಟ್ ಕ್ಲೋಕ್ ಹಿಡಿಸಿದರೆ ಫೇಕ್ ಔಟ್‌ನ ಫ್ಲಿಂಚ್ ತಾಗುವುದಿಲ್ಲ. ಆಗ ಸ್ಯಾಶ್ ಇಲ್ಲ ಅಂತೀರಿ. ಗೊತ್ತುಂಟು ನನಗೆ, ಹೀಗೇ ನಾಳೆ ಬೆಳಿಗ್ಗೆವರೆಗೆ ಹೋಗ್ತದೆ.

ಲೆಕ್ಕದಮೇಷ್ಟ್ರು
ಇಬ್ಬರದೂ ಸರಿ, ಆದರೆ ಹುಲಿಯವರು ಒಂದು ವಿಷಯ ಬಿಟ್ಟರು. ಸ್ಪೀಡ್ ಮಾತ್ರವಲ್ಲ, ಅಟ್ಯಾಕಿಗೂ ಗಡಿ ಇರುತ್ತದೆ. ಒಂದು ಏಟಿನ ಡ್ಯಾಮೇಜು 85ರಿಂದ 100 ಶೇಕಡಾ ನಡುವೆ 16 ಮೆಟ್ಟಿಲುಗಳಲ್ಲಿ ಬೀಳುತ್ತದೆ. ಜಾಲಿಯಲ್ಲಿ ಎದುರಾಳಿಯ ಎಚ್‌ಪಿಯ ಗರಿಷ್ಠ 95 ಶೇಕಡಾ ಹೋಗುತ್ತೆ ಅಂದರೆ ಒಂದೇಟಿಗೆ ಬೀಳಿಸುವ ಸಾಧ್ಯತೆ ಸೊನ್ನೆ. ಅದೇ ಏಟು ಅಡಮಂಟ್‌ನಲ್ಲಿ ಗರಿಷ್ಠ 104 ದಾಟುತ್ತದೆ, 16ರಲ್ಲಿ 5 ಸಲ ಬೀಳಿಸುತ್ತೆ. ಹಾಗೇ ಜಾಲಿಯಲ್ಲೇ ಕನಿಷ್ಠ 102 ಬರುತ್ತಿದ್ದರೆ ಅಡಮಂಟ್ ಹಾಕಿ ಏನೂ ಲಾಭವಿಲ್ಲ, ಸತ್ತದ್ದನ್ನು ಇನ್ನೊಂದಿಷ್ಟು ಸಾಯಿಸಿದಂತೆ.

ಹಾಗಾಗಿ ನೇಚರ್ ಆರಿಸುವ ಮುಂಚೆ ಎರಡು ಪಟ್ಟಿ ಮಾಡಿ. ಯಾರನ್ನು ಓಡಿ ದಾಟಬೇಕು, ಯಾರನ್ನು ಒಂದೇಟಿಗೆ ಕೆಡವಬೇಕು. ಶೋಡೌನ್ ಸೈಟಿನ ಡ್ಯಾಮೇಜ್ ಕ್ಯಾಲ್ಕ್ಯುಲೇಟರ್‌ನಲ್ಲಿ ಎರಡೂ ನೇಚರ್ ಹಾಕಿ ನೋಡಿ. ಯಾವ ಪಟ್ಟಿಯಲ್ಲಿ ಉತ್ತರ ಬದಲಾಗುತ್ತೋ ಆ ಕಡೆಯ ನೇಚರ್.

ಸುಮ್ನೆಬಂದೆ
ತೇರಾ ರೇಡ್‌ಗೆ (ನಾಲ್ವರು ಸೇರಿ ಒಂದು ಬಾಸ್ ಹೊಡೆಯೋದು) ಮಾತ್ರ ಅಂದ್ರೆ ಕಣ್ಣು ಮುಚ್ಕೊಂಡು ಅಡಮಂಟ್. ಅಲ್ಲಿ ಸ್ಪೀಡ್ ಯಾರಿಗೆ ಬೇಕು.

ಮಂಡ್ಯ_ಮಿಯಾವ್ತ್
ಕತೆ ಆಡೋವಾಗ ನೇಚರ್ ನೋಡ್ಬೇಕಾ? ನನ್ ತಮ್ಮ ಸ್ಟಾರ್ಟರ್ ಸರಿ ಬರ್ಲಿಲ್ಲ ಅಂತ ಗೇಮ್ ರೀಸೆಟ್ ಹೊಡೀತಾ ಕೂತವ್ನೆ.

ಲೆಕ್ಕದಮೇಷ್ಟ್ರು
ಬಿಡಿಸಿ ಅವನನ್ನು. ಲೆವೆಲ್ 5ರಲ್ಲಿ ಸ್ಟ್ಯಾಟುಗಳೆಲ್ಲ 10ರ ಆಸುಪಾಸು. 9 ಇದ್ದರೆ 1.1 ಗುಣಿಸಿ 9.9, ದಶಾಂಶ ಹೋಗಿ ಮತ್ತೆ 9. ಏರಿಸಿದ್ದೇ ಕಾಣುವುದಿಲ್ಲ. ಇಳಿಸುವ ಕಡೆ ಹಾಗಲ್ಲ: 9ಕ್ಕೆ 0.9 ಅಂದರೆ 8.1, ಅಂದರೆ 8. ಎರಡು ಕಡೆಯೂ ಕೆಳಕ್ಕೇ ತುಂಡರಿಸುವುದರಿಂದ ಚಿಕ್ಕ ಅಂಕಿಗಳಲ್ಲಿ ಲಾಭ ತಿಂದುಹೋಗಿ ನಷ್ಟ ಮಾತ್ರ ಉಳಿಯುತ್ತದೆ. 19 ಇದ್ದರೆ ಏರಿದಾಗ 20, ಇಳಿದಾಗ 17. ಕಥೆಯ ಮೊದಲರ್ಧದಲ್ಲಿ ಒಂದು ಲೆವೆಲ್ ಹೆಚ್ಚು ಮಾಡಿಕೊಂಡರೆ ನೇಚರ್‌ಗಿಂತ ಜಾಸ್ತಿ ಸಿಗುತ್ತೆ.

ಲೆವೆಲ್ 5ರಲ್ಲೇ ಆಡುವ ಲಿಟಲ್ ಕಪ್‌ನವರು ಈ ತುಂಡರಿಸುವಿಕೆಯ ಮೇಲೇ ಟೀಮ್ ಕಟ್ಟುತ್ತಾರೆ, ಅದು ಬೇರೆ ಲೋಕ.

ಮೊಟ್ಟೆಫ್ಯಾಕ್ಟರಿ
ಮಿಂಟ್ ಬಗ್ಗೆ ಯಾರೂ ಎಚ್ಚರಿಸ್ಲಿಲ್ವಲ್ಲ. ಮಿಂಟ್ ನೇಚರನ್ನ ಬದಲಾಯಿಸೋದಿಲ್ಲ, ಸ್ಟ್ಯಾಟ್ ಮೇಲಿನ ಪರಿಣಾಮ ಮಾತ್ರ ಬದಲಾಯಿಸತ್ತೆ. ಸಮ್ಮರಿ ಪರದೆಯಲ್ಲಿ ನೋಡಿ, ಮಾಡೆಸ್ಟ್ ಅಂತಲೇ ಬರೆದಿರತ್ತೆ, ಏರಿದ-ಇಳಿದ ಗುರುತು ಮಾತ್ರ ಅಡಮಂಟ್‌ದು. ಅದಕ್ಕೇ ಮಿಂಟ್ ತಿನ್ನಿಸಿದ್ದನ್ನ ಬ್ರೀಡಿಂಗ್‌ಗೆ ಇಟ್ಟು ಎವರ್‌ಸ್ಟೋನ್ ಕೊಟ್ರೆ ಮರಿಗೆ ಹೋಗೋದು ಮಾಡೆಸ್ಟೇ. ಇದು ತಿಳೀದೆ ಮೊಟ್ಟೆ ಮೇಲೆ ಮೊಟ್ಟೆ ಒಡೆಯೋರು ಬಹಳ ಜನ.

ಮಿಂಟ್ ಬಂದದ್ದು 2019ರ ಸ್ವೋರ್ಡ್-ಶೀಲ್ಡ್‌ನಲ್ಲಿ. ಅಲ್ಲಿ ಬ್ಯಾಟಲ್ ಟವರ್‌ನಲ್ಲಿ ಒಂದಕ್ಕೆ 50 ಬಿಪಿ (ಬ್ಯಾಟಲ್ ಪಾಯಿಂಟ್). ಸ್ಕಾರ್ಲೆಟ್-ವಯೊಲೆಟ್‌ನಲ್ಲಿ ಚಾನ್ಸಿ ಸಪ್ಲೈ ಅಂಗಡಿಯಲ್ಲಿ ದುಡ್ಡಿಗೇ ಸಿಗತ್ತೆ. ಒಟ್ಟು 21 ಮಿಂಟ್: ಕೆಲಸ ಮಾಡೋ 20ಕ್ಕೂ ಒಂದೊಂದು, ಏನೂ ಮಾಡದ ಐದಕ್ಕೆ ಸೇರಿಸಿ ಸೀರಿಯಸ್ ಒಂದೇ.

ಬೆಣ್ಣೆದೋಸೆ_99
ಹಾಗಾದ್ರೆ ಹೊಸ ಗಿಬಲ್‌ನ ಮೊಟ್ಟೆಯಿಂದ ತೆಗೆಯೋದೇ ವಾಸಿನಾ?

ಮೊಟ್ಟೆಫ್ಯಾಕ್ಟರಿ
ದುಡ್ಡು ಉಳಿಸ್ಬೇಕು ಅಂದ್ರೆ ಹೌದು. ಬೇಕಾದ ನೇಚರ್ ಇರೋ ತಂದೆ ಅಥವಾ ತಾಯಿಗೆ ಎವರ್‌ಸ್ಟೋನ್, ಇನ್ನೊಂದಕ್ಕೆ ಡೆಸ್ಟಿನಿ ನಾಟ್. ಎವರ್‌ಸ್ಟೋನ್ ನೇಚರನ್ನ ಖಚಿತವಾಗಿ ದಾಟಿಸತ್ತೆ, ಡೆಸ್ಟಿನಿ ನಾಟ್ ತಂದೆ-ತಾಯಿಯ 12 ಐವಿಗಳಲ್ಲಿ 5ನ್ನ ದಾಟಿಸತ್ತೆ. ಇಬ್ಬರಿಗೂ ಎವರ್‌ಸ್ಟೋನ್ ಕೊಡಬೇಡಿ, ಆಗ ಯಾರ ನೇಚರ್ ಬರತ್ತೋ ಅರ್ಧಕ್ಕರ್ಧ. ನಿಮ್ಮ ಹತ್ರ ಅಡಮಂಟ್ ಡಿಟ್ಟೋ (ಹೆಚ್ಚುಕಮ್ಮಿ ಯಾವುದರ ಜೊತೆಗೂ ಮೊಟ್ಟೆ ಕೊಡೋ ಪೋಕೆಮಾನ್) ಒಂದಿದ್ರೆ ಅದು ಎಲ್ಲಾ ಫಿಸಿಕಲ್ ಅಟ್ಯಾಕರ್‌ಗೂ ಆಗತ್ತೆ.

ಆದ್ರೆ ಬೆಳೆದ ಗಾರ್ಚಾಂಪ್ ಈಗಾಗ್ಲೇ ಇದೆ ಅಂದ್ರೆ ಮಿಂಟೇ ಸುಲಭ. ಗಿಬಲ್ ಗಾರ್ಚಾಂಪ್ ಆಗೋಕೆ ಲೆವೆಲ್ 48 ಬೇಕು.

ಹಳೇಕಾರ್ಟ್ರಿಜ್
"ಖಚಿತವಾಗಿ" ಅನ್ನೋದು ಬ್ಲ್ಯಾಕ್ 2-ವೈಟ್ 2 ಇಂದ ಈಚೆಗೆ. ಎಮರಾಲ್ಡ್‌ನಲ್ಲಿ ಎವರ್‌ಸ್ಟೋನ್ ಹಿಡಿದ ತಾಯಿ ಅಥವಾ ಡಿಟ್ಟೋದಿಂದ ಮಾತ್ರ, ಅದೂ ಅರ್ಧ ಸಾಧ್ಯತೆ. ಅದಕ್ಕೂ ಹಿಂದೆ ರೂಬಿ-ಸಫೈರ್‌ನಲ್ಲಿ ಆ ಸೌಕರ್ಯವೇ ಇರಲಿಲ್ಲ, ಬಂದದ್ದು ಭಾಗ್ಯ. ಹಳೇ ಆಟ ಆಡೋರು ಈಗಿನ ಗೈಡ್ ಓದಿಕೊಂಡು ಎಮರಾಲ್ಡ್‌ನಲ್ಲಿ ಗಂಡಿಗೆ ಕಲ್ಲು ಕೊಟ್ಟು ಕೂರಬೇಡಿ.

ಚಿಟ್ಟೆಬಲೆ
ಸಿಂಕ್ರೊನೈಸ್ ಎಬಿಲಿಟಿ ಇರೋ ರಾಲ್ಟ್ಸನ್ನ ಮುಂದಿಟ್ಕೊಂಡು ಕಾಡಲ್ಲಿ ಹಿಡಿದ್ರೆ ಅದೇ ನೇಚರ್ ಬರಲ್ವಾ? ಮಿಂಟೂ ಬೇಡ ಮೊಟ್ಟೆನೂ ಬೇಡ.

ಹಳೇಕಾರ್ಟ್ರಿಜ್
ಸ್ಕಾರ್ಲೆಟ್-ವಯೊಲೆಟ್‌ನಲ್ಲಿ ಆ ಸೌಲಭ್ಯ ತೆಗೆದುಬಿಟ್ಟಿದ್ದಾರೆ. ಎಮರಾಲ್ಡ್‌ನಿಂದ ಅರ್ಧ ಸಾಧ್ಯತೆ ಇತ್ತು, ಸ್ವೋರ್ಡ್-ಶೀಲ್ಡ್‌ನಲ್ಲಿ ನೂರಕ್ಕೆ ನೂರು ಆಯಿತು, ಸ್ಕಾರ್ಲೆಟ್-ವಯೊಲೆಟ್‌ನಲ್ಲಿ ಇಲ್ಲವೇ ಇಲ್ಲ. ಯುದ್ಧದೊಳಗೆ ವಿಷ, ಪ್ಯಾರಾಲಿಸಿಸ್ ವಾಪಸ್ ಅಂಟಿಸೋ ಕೆಲಸ ಮಾತ್ರ ಉಳಿದಿದೆ. ಸ್ವೋರ್ಡ್-ಶೀಲ್ಡ್ ಆಡೋರು ಮೊದಲ ಸ್ಥಾನದಲ್ಲಿ ಮೂರ್ಛೆ ಹೋದ ರಾಲ್ಟ್ಸ್ ಇಟ್ಟರೂ ಸಾಕು.

ಲೆಟ್ಸ್ ಗೋ ಆಟದಲ್ಲಿ ಇನ್ನೊಂದು ದಾರಿ: ಸೆಲಡಾನ್ ಊರಿನ ಪೋಕೆಮಾನ್ ಸೆಂಟರ್‌ನಲ್ಲಿ ಕಣಿ ಹೇಳೋ ಹೆಂಗಸಿಗೆ 10,000 ಕೊಟ್ಟರೆ ಆ ದಿನ ರಾತ್ರಿ 12ರವರೆಗೆ ಸಿಗೋ ಕಾಡುಪೋಕೆಮಾನ್‌ಗಳೆಲ್ಲ ನೀವು ಕೇಳಿದ ನೇಚರ್.

ಮಂಡ್ಯ_ಮಿಯಾವ್ತ್
ನಂದು "ಅಲರ್ಟ್ ಟು ಸೌಂಡ್ಸ್" ಅಂತ ತೋರಿಸ್ತದೆ. ಅದು ಯಾವ ಸ್ಟ್ಯಾಟ್ ಏರಿಸೋ ನೇಚರು? ಪಟ್ಟೀಲಿ ಇಲ್ವೇ ಇಲ್ಲ.

ಮೊಟ್ಟೆಫ್ಯಾಕ್ಟರಿ
ಅದು ನೇಚರ್ ಅಲ್ಲ ಅಣ್ಣ, ಕ್ಯಾರೆಕ್ಟರಿಸ್ಟಿಕ್. ಆರು ಐವಿಗಳಲ್ಲಿ ಯಾವುದು ಎಲ್ಲಕ್ಕಿಂತ ಹೆಚ್ಚು ಅನ್ನೋ ಸುಳಿವು. ಯಾವ ಸ್ಟ್ಯಾಟನ್ನೂ ಏರಿಸಲ್ಲ. "ಅಲರ್ಟ್ ಟು ಸೌಂಡ್ಸ್" ಅಂದ್ರೆ ಸ್ಪೀಡ್ ಐವಿ ಅತಿ ಹೆಚ್ಚು, ಅದು 1, 6, 11 ಹೀಗೆ ಐದೈದು ಏರಿ 31ರವರೆಗಿನ ಯಾವುದೋ ಒಂದು. 31 ಇರೋ ಸಾಧ್ಯತೆ ಇದೆ, ನೋಡ್ಕೊಳಿ. "ಲೈಕ್ಸ್ ಟು ರನ್" ಅಂತಿದ್ರೆ ಅದು 30ಕ್ಕೇ ನಿಲ್ಲತ್ತೆ.

ಚಿಟ್ಟೆಬಲೆ
ಟಾಕ್ಸೆಲ್ ಇಟ್ಕೊಂಡೋರಿಗೆ ಒಂದು ಮಾತು. ಲೆವೆಲ್ 30ಕ್ಕೆ ಅದು ಆಂಪ್ಡ್ ರೂಪದ ಟಾಕ್ಸ್‌ಟ್ರಿಸಿಟಿ ಆಗತ್ತೋ ಲೋ ಕೀ ಆಗತ್ತೋ ಅನ್ನೋದು ನೇಚರ್ ಮೇಲೆ. ಅಡಮಂಟ್, ಜಾಲಿ, ನಾಟಿ, ರ‍್ಯಾಶ್ ಇತ್ಯಾದಿ 13ಕ್ಕೆ ಆಂಪ್ಡ್. ಮಾಡೆಸ್ಟ್, ಟಿಮಿಡ್, ಕಾಮ್, ಬೋಲ್ಡ್ ಇತ್ಯಾದಿ 12ಕ್ಕೆ ಲೋ ಕೀ. ಮಿಂಟ್ ಇಲ್ಲಿ ನಡೆಯಲ್ಲ, ಹುಟ್ಟಿದ ನೇಚರೇ ಲೆಕ್ಕ. ತಮಾಷೆ ಅಂದ್ರೆ ಟಾಕ್ಸ್‌ಟ್ರಿಸಿಟಿ ಸ್ಪೆಷಲ್ ಅಟ್ಯಾಕರ್, ಅದಕ್ಕೆ ಬೇಕಾದ ಮಾಡೆಸ್ಟ್, ಟಿಮಿಡ್ ಎರಡೂ ಲೋ ಕೀ ಕಡೆಗೇ ಇವೆ. ಹಳದಿ ಬಣ್ಣದ್ದು ಬೇಕು ಅಂದ್ರೆ ರ‍್ಯಾಶ್‌ನದು ಹಿಡಿದು ಬೆಳೆಸಿ ಆಮೇಲೆ ಮಾಡೆಸ್ಟ್ ಮಿಂಟ್ ಹಾಕಿ.

ಕುಡ್ಲ_ಟ್ರೈನರ್
ಡಿಫೆನ್ಸ್‌ನವರ ಬಗ್ಗೆ ಯಾರೂ ಹೇಳಲಿಲ್ಲ. ಬ್ಲಿಸಿಗೆ ಬೋಲ್ಡ್ ಹಾಕುವವರನ್ನು ಕಂಡರೆ ನನಗೆ ಅರ್ಥ ಆಗುವುದಿಲ್ಲ. ಬೇಸ್ ಡಿಫೆನ್ಸ್ 10, ಸ್ಪೆಷಲ್ ಡಿಫೆನ್ಸ್ 135. ಲೆವೆಲ್ 100ರಲ್ಲಿ 252 ಈವಿ ಹಾಕಿದ ಡಿಫೆನ್ಸ್ 119, ಬೋಲ್ಡ್‌ನಿಂದ 130. ಹನ್ನೊಂದು ಪಾಯಿಂಟ್. ಕಾಮ್ ಹಾಕಿದರೆ ಸ್ಪೆಷಲ್ ಡಿಫೆನ್ಸ್ 306ರಿಂದ 336, ಮೂವತ್ತು ಪಾಯಿಂಟ್! ಹನ್ನೊಂದು ದೊಡ್ಡದಾ ಮೂವತ್ತು ದೊಡ್ಡದಾ?

ಲೆಕ್ಕದಮೇಷ್ಟ್ರು
ಇಲ್ಲಿ ಜಾರಿದಿರಿ. ಡ್ಯಾಮೇಜ್ ಸೂತ್ರದಲ್ಲಿ ಡಿಫೆನ್ಸ್ ಭಾಜಕ. 119 ಇದ್ದದ್ದು 130 ಆದರೂ, 306 ಇದ್ದದ್ದು 336 ಆದರೂ ಬೀಳುವ ಏಟು ಸುಮಾರು ಒಂಬತ್ತು ಶೇಕಡಾದಷ್ಟೇ ಕಡಿಮೆಯಾಗುತ್ತದೆ. ಪಾಯಿಂಟ್ ಎಣಿಸಬೇಡಿ, ಅನುಪಾತ ನೋಡಿ. ಹಾಗಾಗಿ ಪ್ರಶ್ನೆ ಇಷ್ಟೇ: ಬ್ಲಿಸಿ ಸಾಯುವುದು ಯಾವ ಕಡೆಯ ಏಟಿಗೆ? ಫಿಸಿಕಲ್ ಏಟಿಗೆ. ಸ್ಪೆಷಲ್ ಕಡೆ ಅದು ಮೊದಲೇ ಬಂಡೆ, ಅಲ್ಲಿ ಇನ್ನೂ ಒಂಬತ್ತು ಉಳಿಸಿದರೆ ಬಹಳ ಕಡೆ ಏನೂ ಬದಲಾಗುವುದಿಲ್ಲ.

ಈವಿ ವಿಷಯ ಮಾತ್ರ ತಿರುವು. 252 ಈವಿ ಅಂದರೆ ಲೆವೆಲ್ 100ರಲ್ಲಿ 63 ಪಾಯಿಂಟ್, ಬೇಸ್ ಎಷ್ಟೇ ಇರಲಿ. ಬ್ಲಿಸಿಯ ಡಿಫೆನ್ಸ್ ಈವಿ ಇಲ್ಲದೆ 56. ಅದಕ್ಕೆ 63 ಸೇರಿದರೆ ಎರಡರಷ್ಟಕ್ಕಿಂತ ಜಾಸ್ತಿ. ಅದೇ 63 ಪಾಯಿಂಟನ್ನು 306ಕ್ಕೆ ಸೇರಿಸಿದರೆ ಐದನೇ ಒಂದು ಭಾಗ. ಹಾಗಾಗಿ ಈವಿಯನ್ನು ಕಡಿಮೆ ಅಂಕಿಯ ಸ್ಟ್ಯಾಟಿಗೆ ಹಾಕಿ, ನೇಚರ್ ನಿಮ್ಮನ್ನು ಕೊಲ್ಲುವವರ ಕಡೆಗೆ. ಬ್ಲಿಸಿಗೆ ಎರಡೂ ಒಂದೇ ಕಡೆ ಬಿದ್ದಿದೆ ಅಷ್ಟೇ.

ಕುಡ್ಲ_ಟ್ರೈನರ್
ಅನುಪಾತದ್ದು ಒಪ್ಪಿದೆ. ಆದರೆ ಟೀಮಿನಲ್ಲಿ ಸ್ಕಾರ್ಮರಿಯೋ ಡೋಂಡೋಝೋವೋ ಉಂಟು ಅಂತಾದರೆ ಫಿಸಿಕಲ್ ಏಟು ಅವು ತಿಂತಾವೆ. ಆಗ ಕಾಮ್ ತಪ್ಪಲ್ಲ.

ಲೆಕ್ಕದಮೇಷ್ಟ್ರು
ಒಪ್ಪಿದೆ.

ಸುಮ್ನೆಬಂದೆ
ಇಬ್ರೂ ಒಪ್ಕೊಂಡ್ರಾ? ಸ್ಕ್ರೀನ್‌ಶಾಟ್ ತೆಗ್ದಿಟ್ಕೊಳಿ.

ನಿಧಾನವೇಪ್ರಧಾನ
ಎಲ್ಲರೂ ಸ್ಪೀಡ್ ಏರಿಸೋ ಮಾತೇ ಆಡ್ತಿದೀರಿ. ಟ್ರಿಕ್ ರೂಮ್ (ನಿಧಾನದ್ದೇ ಮೊದಲು ಹೊಡೆಯೋ ಹಾಗೆ ಮಾಡೋ ಮೂವ್) ಟೀಮಿಗೆ ಬ್ರೇವ್, ಕ್ವಯಟ್, ರಿಲ್ಯಾಕ್ಸ್ಡ್, ಸ್ಯಾಸಿ ಈ ನಾಲ್ಕೇ ಬೇಕಾಗೋದು, ನಾಲ್ಕೂ ಸ್ಪೀಡ್ ಇಳಿಸತ್ವೆ. ಟಾರ್ಕೋಲ್ ಬೇಸ್ ಸ್ಪೀಡ್ 20. ಲೆವೆಲ್ 50ರಲ್ಲಿ ಐವಿ 31, ಸಾಧಾರಣ ನೇಚರ್ ಇದ್ರೆ ಸ್ಪೀಡ್ 40. ಕ್ವಯಟ್ ಹಾಕಿ ಐವಿ 0 ಮಾಡಿದ್ರೆ 22. ಟ್ರಿಕ್ ರೂಮ್‌ನಲ್ಲಿ 22 ಇರೋದೇ ಮೊದಲು ಇರಪ್ಷನ್ ಹೊಡೆಯೋದು.

ಎಡವೋ ಜಾಗ ಒಂದಿದೆ. ಮಿಂಟ್‌ನಿಂದ ನೇಚರ್ ಸರಿಮಾಡ್ಬಹುದು, ಹೈಪರ್ ಟ್ರೈನಿಂಗ್‌ನಿಂದ ಐವಿ ಏರಿಸ್ಬಹುದು, ಇಳಿಸೋಕೆ ಆಗಲ್ಲ. ಸ್ಪೀಡ್ ಐವಿ 0 ಇರೋದನ್ನೇ ಹಿಡೀಬೇಕು ಅಥವಾ ಮೊಟ್ಟೆಯಿಂದ ತೆಗೀಬೇಕು. ಐವಿ ತೋರಿಸೋ ಜಡ್ಜ್‌ನಲ್ಲಿ "ನೋ ಗುಡ್" ಅಂತ ಬಂದ್ರೆ ಅದು 0. ಹೈಪರ್ ಟ್ರೈನಿಂಗ್‌ಗೆ ಬಾಟಲ್ ಕ್ಯಾಪ್ ಕೊಡೋವಾಗ ಸ್ಪೀಡ್ ಬಿಟ್ಟು ಮಿಕ್ಕಿದ್ದಕ್ಕೆ ಕೊಡಿ. ಚಿನ್ನದ ಕ್ಯಾಪ್ ಕೊಟ್ರೆ ಆರೂ ಏರಿ ಕೆಲಸ ಕೆಟ್ಟ ಹಾಗೇ.

ಚಿಟ್ಟೆಬಲೆ
ಸ್ಪೆಷಲ್ ಅಟ್ಯಾಕರ್‌ಗೆ ಮಾಡೆಸ್ಟ್, ಮೈಲ್ಡ್, ರ‍್ಯಾಶ್ ಮೂರೂ ಸ್ಪೆಷಲ್ ಅಟ್ಯಾಕನ್ನ ಒಂದೇ ತರ ಏರಿಸತ್ವಲ್ಲ. ಎಲ್ರೂ ಮಾಡೆಸ್ಟೇ ಅನ್ನೋದು ಯಾಕೆ?

ಹುಬ್ಳಿಹುಲಿ
ಬಳಸದ ಇರೂದನ್ನ ಕಳಕೊಂಡ್ರ ಖರ್ಚಿಲ್ಲ, ಅದಕ್ಕ. ಮೈಲ್ಡ್ ಡಿಫೆನ್ಸ್ ತಿಂತದ, ರ‍್ಯಾಶ್ ಸ್ಪೆಷಲ್ ಡಿಫೆನ್ಸ್ ತಿಂತದ. ಮಾಡೆಸ್ಟ್ ತಿನ್ನೂದು ಅಟ್ಯಾಕ್, ಅದು ನಿಮಗ ಬ್ಯಾಡಾಗಿದ್ದ. ಇನ್ನೂ ಒಂದು: ಫೌಲ್ ಪ್ಲೇ ಹೊಡದ್ರ ನಿಮ್ಮ ಅಟ್ಯಾಕನ್ನ ನಿಮ್ಮ ಮ್ಯಾಲೆ ತಿರಗತದ, ಕನ್‌ಫ್ಯೂಷನ್ ಏಟೂ ನಿಮ್ಮ ಅಟ್ಯಾಕಿನ ಮ್ಯಾಲೆ. ಅಂದ್ರ ಅಟ್ಯಾಕ್ ಕಡಿಮಿ ಆದಷ್ಟೂ ಚಲೋ. ಸ್ಪೆಷಲ್ ಆಡವರು ಅಟ್ಯಾಕ್ ಐವಿ 0 ಹುಡುಕೂದು ಇದಕ್ಕ.

ಎರಡೂ ಥರಾ ಹೊಡಿಯೂ ಇನ್‌ಫರ್ನೇಪ್‌ನಂಥಾದ್ದಕ್ಕ ಮಾತ್ರ ನಯೀವ್ ಇಲ್ಲಾ ಹೇಸ್ಟಿ. ಅದ್ರಾಗ ನಯೀವ್ ಹಾಕ್ರಿ, ಡಿಫೆನ್ಸ್ ಉಳಿಸ್ಕೋರಿ. ಎಕ್ಸ್‌ಟ್ರೀಮ್ ಸ್ಪೀಡ್, ಮ್ಯಾಕ್ ಪಂಚ್, ಆಕ್ವಾ ಜೆಟ್ ನೋಡ್ರಿ, ಮುಂದ ನುಗ್ಗಿ ಹೊಡಿಯೂ ಮೂವ್ ಬಹುತೇಕ ಎಲ್ಲಾ ಫಿಸಿಕಲ್.

ಹಳೇಕಾರ್ಟ್ರಿಜ್
ಒಂದು ತಿದ್ದುಪಡಿ. ಎದುರಿಗೆ ಡೌನ್‌ಲೋಡ್ ಎಬಿಲಿಟಿ ಇರೋ ಪೋರಿಗಾನ್-ಝೆಡ್ ಇದ್ದರೆ ಅದು ನಿಮ್ಮ ಎರಡು ಡಿಫೆನ್ಸ್‌ಗಳಲ್ಲಿ ಸ್ಪೆಷಲ್ ಕಡಿಮೆ ಇದ್ದರೂ, ಎರಡೂ ಸಮ ಇದ್ದರೂ ತನ್ನ ಸ್ಪೆಷಲ್ ಅಟ್ಯಾಕ್ ಏರಿಸಿಕೊಳ್ಳುತ್ತದೆ. ನಯೀವ್ ಹಾಕಿ ನೀವೇ ಅದಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಇನ್‌ಫರ್ನೇಪ್‌ಗೆ ಎರಡೂ ಬೇಸ್ 71, ಹೇಸ್ಟಿ ಹಾಕಿದ್ದರೆ ಅದಕ್ಕೆ ಬೇಡದ ಅಟ್ಯಾಕ್ ಏರುತ್ತಿತ್ತು.

ಹುಬ್ಳಿಹುಲಿ
ಹೌದ್ರಿ, ಆದ್ರ ಅದು ಒಂದ ಪೋಕೆಮಾನ್. ಮ್ಯಾಕ್ ಪಂಚ್ ಊರ್ ತುಂಬ.

ಲೆಕ್ಕದಮೇಷ್ಟ್ರು
ಈ ಜನರೇಷನ್‌ನಲ್ಲಿ ನೇಚರ್‌ಗೆ ಇನ್ನೊಂದು ಕೆಲಸ ಬಂದಿದೆ. ಪ್ರೋಟೋಸಿಂಥೆಸಿಸ್, ಕ್ವಾರ್ಕ್ ಡ್ರೈವ್ ಎಂಬ ಎರಡು ಎಬಿಲಿಟಿಗಳೂ ಅತಿ ಹೆಚ್ಚಿರುವ ಸ್ಟ್ಯಾಟನ್ನು ಏರಿಸುತ್ತವೆ: ಸ್ಪೀಡ್ ಆದರೆ ಒಂದೂವರೆ ಪಟ್ಟು, ಬೇರೆ ಯಾವುದಾದರೂ 1.3 ಪಟ್ಟು. "ಅತಿ ಹೆಚ್ಚು" ಅನ್ನುವುದು ನೇಚರ್ ಸೇರಿಸಿದ ಮೇಲಿನ ಅಂಕಿ.

ಫ್ಲಟರ್ ಮೇನ್ ಬೇಸ್ ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್, ಸ್ಪೀಡ್ ಮೂರೂ 135. ಸ್ಪೆಷಲ್ ಅಟ್ಯಾಕ್ ಮತ್ತು ಸ್ಪೀಡ್‌ಗೆ 252 ಹಾಕಿ ಟಿಮಿಡ್ ಮಾಡಿದರೆ 187 ಮತ್ತು 205, ಬೂಸ್ಟರ್ ಎನರ್ಜಿ ಸ್ಪೀಡಿಗೆ ಹೋಗುತ್ತೆ. ಮಾಡೆಸ್ಟ್ ಮಾಡಿದರೆ ಅದೇ ಅಂಕಿಗಳು ಅದಲುಬದಲು, ಬೂಸ್ಟ್ ಸ್ಪೆಷಲ್ ಅಟ್ಯಾಕಿಗೆ. ಒಂದು ಮಿಂಟ್‌ನಿಂದ ಪೋಕೆಮಾನ್‌ನ ಕೆಲಸವೇ ಬದಲಾಗುತ್ತದೆ. ಮಾಡೆಸ್ಟ್ ಹಾಕಿ ಸ್ಪೀಡ್ ಬೂಸ್ಟ್ ಬೇಕು ಅಂದರೆ ಸ್ಪೆಷಲ್ ಅಟ್ಯಾಕ್ ಈವಿ ತೆಗೆದು ಅದು 187ಕ್ಕಿಂತ ಕೆಳಗಿಳಿಯುವಂತೆ ಮಾಡಬೇಕು. ಸಮವಾದರೂ ಸಾಲದು, ಸಮ ಬಂದಾಗ ಸ್ಪೀಡಿಗೆ ಕೊನೇ ಸರದಿ.

ನಿಧಾನವೇಪ್ರಧಾನ
ಬೆರ್ರಿ ಮರೀಬೇಡಿ. ಎಚ್‌ಪಿ ಕಾಲುಭಾಗಕ್ಕೆ ಇಳಿದಾಗ ಮೂರನೇ ಒಂದು ಭಾಗ ತುಂಬೋ ಐದು ಬೆರ್ರಿ ಇವೆಯಲ್ಲ, ಅವು ರುಚಿ ಹಿಡಿಸದಿದ್ರೆ ಕನ್‌ಫ್ಯೂಸ್ ಮಾಡತ್ವೆ. ಯಾವ ಸ್ಟ್ಯಾಟ್ ಇಳಿಸೋ ನೇಚರೋ ಆ ರುಚಿ ಆಗಲ್ಲ. ಫಿಗಿ ಖಾರ, ಅಟ್ಯಾಕ್ ಇಳಿಸೋ ಮಾಡೆಸ್ಟ್-ಟಿಮಿಡ್‌ಗೆ ಕೊಡಬೇಡಿ. ವಿಕಿ ಸ್ಪೆಷಲ್ ಅಟ್ಯಾಕಿಂದು, ಅಡಮಂಟ್-ಜಾಲಿಗೆ ಬೇಡ. ಮಾಗೊ ಸಿಹಿ, ಸ್ಪೀಡಿಂದು, ನಮ್ಮ ಟ್ರಿಕ್ ರೂಮ್‌ನೋರಿಗೆ ಬೇಡ. ಅಗುವಾವ್ ಕಹಿ, ಸ್ಪೆಷಲ್ ಡಿಫೆನ್ಸ್. ಇಯಪಾಪ ಹುಳಿ, ಡಿಫೆನ್ಸ್. ಮಿಂಟ್ ತಿನ್ನಿಸಿದ್ದಾದ್ರೆ ಹಳೇ ನೇಚರ್‌ಗೂ ಹೊಸದಕ್ಕೂ ಎರಡಕ್ಕೂ ಆಗೋ ಬೆರ್ರಿ ಆರಿಸಿ, ತಂಟೆನೇ ಬೇಡ. ಬೆಣ್ಣೆದೋಸೆಯವರ ಗಾರ್ಚಾಂಪ್‌ಗೆ ಫಿಗಿ, ವಿಕಿ ಎರಡೂ ಬಿಡಿ.

ಬೆಣ್ಣೆದೋಸೆ_99
ಇದು ಯಾವ ಗೈಡಲ್ಲೂ ನೋಡಿರ್ಲಿಲ್ಲ! ಮೊದಲಿಂದ್ಲೂ ಹೀಗೇನಾ?

ಹಳೇಕಾರ್ಟ್ರಿಜ್
ನೇಚರ್ ಬಂದದ್ದೇ 2002ರ ರೂಬಿ-ಸಫೈರ್‌ನಲ್ಲಿ. ರುಚಿ, ಪೋಕೆಬ್ಲಾಕ್ ಎಲ್ಲಾ ಆಗಲೇ ಜೊತೆಗೆ ಬಂತು. ಆಗ ಪ್ರತಿ ಪೋಕೆಮಾನ್‌ಗೂ ಒಂದು ಗುಪ್ತ ಸಂಖ್ಯೆ ಇರುತ್ತಿತ್ತು, ಅದನ್ನು 25ರಿಂದ ಭಾಗಿಸಿದಾಗ ಉಳಿಯುವ ಶೇಷವೇ ನೇಚರ್. 3 ಉಳಿದರೆ ಅಡಮಂಟ್, 10 ಟಿಮಿಡ್, 13 ಜಾಲಿ, 15 ಮಾಡೆಸ್ಟ್. ಗಂಡು-ಹೆಣ್ಣು, ಶೈನಿ (ಅಪರೂಪದ ಬೇರೆ ಬಣ್ಣ) ಎಲ್ಲವೂ ಅದೇ ಸಂಖ್ಯೆಯಿಂದ. ಕಳ್ಳಸಾಧನ ಹಾಕಿ ನೇಚರ್ ಬದಲಾಯಿಸಲು ಹೋದರೆ ಶೈನಿಯೂ ಹಾರಿಹೋಗುತ್ತಿತ್ತು. ಐದನೇ ಜನರೇಷನ್‌ನಿಂದ ಬೇರೆ ಮಾಡಿದರು. ಏರಿದ ಸ್ಟ್ಯಾಟ್ ಕೆಂಪು, ಇಳಿದದ್ದು ನೀಲಿ ಅಂತ ಬಣ್ಣದಲ್ಲಿ ತೋರಿಸಲು ಶುರುಮಾಡಿದ್ದು 2009ರ ಹಾರ್ಟ್‌ಗೋಲ್ಡ್-ಸೋಲ್‌ಸಿಲ್ವರ್‌ನಲ್ಲಿ. ಅಲ್ಲಿಯವರೆಗೆ ಪಟ್ಟಿ ಬಾಯಿಪಾಠ.

3ಡಿಎಸ್‌ನಲ್ಲಿ ವರ್ಚುವಲ್ ಕನ್ಸೋಲ್‌ನ ರೆಡ್-ಬ್ಲೂ ಆಗಲೇ ಇಳಿಸಿಕೊಂಡಿರುವವರಿಗೆ ಒಂದು ಉಪಯೋಗದ ಮಾತು. ಆ ಆಟಗಳಲ್ಲಿ ನೇಚರ್ ಇಲ್ಲ. ಪೋಕೆ ಟ್ರಾನ್ಸ್‌ಪೋರ್ಟರ್‌ನಲ್ಲಿ ದಾಟಿಸುವಾಗ ಒಟ್ಟು ಎಕ್ಸ್‌ಪೀರಿಯನ್ಸ್ ಪಾಯಿಂಟನ್ನು 25ರಿಂದ ಭಾಗಿಸಿ ಅದೇ ಶೇಷದ ಲೆಕ್ಕದಲ್ಲಿ ಕೊಡುತ್ತಾರೆ. ಅಡಮಂಟ್ ಬೇಕಾದರೆ ಕೊನೆಯ ಎರಡಂಕಿ 03, 28, 53 ಅಥವಾ 78 ಬರುವಂತೆ ಮಾಡಿ ದಾಟಿಸಿ. ಮ್ಯೂಟೂವನ್ನು ಲೆವೆಲ್ 100 ಮಾಡಿಬಿಟ್ಟರೆ ಎಕ್ಸ್‌ಪೀರಿಯನ್ಸ್ 12,50,000, ಶೇಷ ಸೊನ್ನೆ, ಹಾರ್ಡಿ. ಮ್ಯೂ ಆದರೆ ಲೆವೆಲ್ 100ರಲ್ಲಿ 10,59,860, ಶೇಷ 10, ತಾನಾಗಿ ಟಿಮಿಡ್.

ಚಿಟ್ಟೆಬಲೆ
ಪಾಲ್‌ವರ್ಲ್ಡ್ ಈ ವಿಷಯದಲ್ಲಿ ಚೆನ್ನಾಗಿದೆ ಅಂತ ನನ್ನ ಅಭಿಪ್ರಾಯ. ಅಲ್ಲಿ ಪ್ಯಾಸಿವ್ ಸ್ಕಿಲ್ ನಾಲ್ಕರವರೆಗೂ ಸೇರತ್ವೆ. ಬ್ರೇವ್ ಅಟ್ಯಾಕ್ 10 ಶೇಕಡಾ ಏರಿಸತ್ತೆ, ಫೆರೋಷಿಯಸ್ 20. ಮಸಲ್‌ಹೆಡ್ ಅಟ್ಯಾಕ್ 30 ಏರಿಸಿ ಕೆಲಸದ ವೇಗ 50 ಇಳಿಸತ್ತೆ. ಹೊಡೆದಾಟಕ್ಕೆ ಮಾತ್ರ ಇಟ್ಕೊಳೋದಾದ್ರೆ ಆ ನಷ್ಟ ನಷ್ಟವೇ ಅಲ್ಲ.

ಮಂಡ್ಯ_ಮಿಯಾವ್ತ್
ಅಲ್ಲೂ ಅದೇ ಆಯ್ತಲ್ಲ ಮತ್ತೆ, ಬೇಡದ್ದ ಕೊಟ್ಟು ಬೇಕಾದ್ದ ತಗೊಳೋದು. ಡಿಜಿಮಾನ್ ಸೈಬರ್ ಸ್ಲೂತ್‌ನಲ್ಲಿ ಪರ್ಸನಾಲಿಟಿ ಏರಿಸ್ತದೆ ಅಷ್ಟೇ, ಯಾವ್ದೂ ಇಳಿಸಲ್ಲ. ಬಿಲ್ಡರ್, ಸರ್ಚರ್ ಅಂತ ಎರಡು ಯುದ್ಧಕ್ಕೆ ಸಂಬಂಧವೇ ಇಲ್ಲ, ಫಾರ್ಮ್ ಕೆಲಸಕ್ಕೆ.

ಮೇಲ್ವಿಚಾರಕ
ಪಾಲ್‌ವರ್ಲ್ಡ್, ಡಿಜಿಮಾನ್‌ಗೆ ಬೇರೆ ಎಳೆ ತೆಗೆಯಿರಿ. ಕಳ್ಳಸಾಧನಗಳ ಹೆಸರು, ಕೊಂಡಿ ಹಾಕಬೇಡಿ.

ಬೆಣ್ಣೆದೋಸೆ_99
ಟೀಮಲ್ಲಿ ವಿಮ್ಸಿಕಾಟ್ ಇದೆ, ಟೇಲ್‌ವಿಂಡ್ ಹಾಕೋಕೇ ತಗೊಂಡಿದ್ದು. ಹಾಗಾದ್ರೆ ಅಡಮಂಟ್ ಕೊಳ್ತೀನಿ. ಸ್ಪೀಡ್‌ಗೆ 252 ಪೂರ್ತಿ ಹಾಕ್ಬೇಕಾ?

ಕುಡ್ಲ_ಟ್ರೈನರ್
ಅಡಮಂಟ್ ಆದರೆ ಪೂರ್ತಿ ಹಾಕಿ. ಎಂಟು ಈವಿ ತೆಗೆದರೂ 153 ಆಗಿ ಟೇಲ್‌ವಿಂಡ್‌ನಲ್ಲಿ 306, ಆ ಫ್ಲಟರ್ ಮೇನ್ 307 ನಿಮ್ಮನ್ನು ದಾಟಿತು.

ಲೆಕ್ಕದಮೇಷ್ಟ್ರು
ಜಾಲಿ ಹಾಕುವವರಿಗಾದರೆ ಉಳಿಸುವ ದಾರಿ ಇದೆ. ಏರಿಸುವ ನೇಚರ್ ಇದ್ದಾಗ ಮೂಲ ಅಂಕಿ ಹತ್ತರ ಗುಣಕಕ್ಕೆ ಮುಟ್ಟಿದಾಗ ಒಂದರ ಬದಲು ಎರಡು ಪಾಯಿಂಟ್ ಸಿಗುತ್ತವೆ. 149 ಇದ್ದರೆ 163, 150 ಇದ್ದರೆ ನೇರ 165. ಗಾರ್ಚಾಂಪ್‌ಗೆ 212 ಈವಿ ಹಾಕಿದರೆ 163, ಉರ್ಶಿಫು ಜೊತೆ ಸಮ, ಯಾರು ಮೊದಲು ಅನ್ನುವುದು ಅದೃಷ್ಟ. 220 ಹಾಕಿದರೆ 165, ಉರ್ಶಿಫು ಹಿಂದೆ. ಉಳಿದ 36ನ್ನು ಎಚ್‌ಪಿಗೆ ಹಾಕಿದರೆ 183 ಇದ್ದದ್ದು 188. ಆದರೆ 167ರ ಚಾರಿಜಾರ್ಡ್ ಬಂದರೆ ಕೈಕೊಡುತ್ತೆ, ಅದು ನಿಮ್ಮ ಲ್ಯಾಡರ್‌ನಲ್ಲಿ ಎಷ್ಟು ಕಾಣುತ್ತೆ ನೋಡಿಕೊಳ್ಳಿ.

ಲೆವೆಲ್ 50ರಲ್ಲಿ ಐವಿ 31 ಇದ್ದರೆ ಮೊದಲ ಪಾಯಿಂಟ್ 4 ಈವಿಗೆ, ಆಮೇಲೆ ಎಂಟೆಂಟಕ್ಕೆ ಒಂದೊಂದು. 4, 12, 20 ಹೀಗೆ. ನಡುವೆ ನಿಲ್ಲಿಸಿದ ಈವಿ ವ್ಯರ್ಥ.

ಮೊಟ್ಟೆಫ್ಯಾಕ್ಟರಿ
ದುಡ್ಡಿಲ್ಲ ಅಂದ್ರಲ್ಲ, ಮಿಂಟೇ ಇದರಲ್ಲಿ ಅಗ್ಗದ್ದು. ವಿಟಮಿನ್ ಒಂದಕ್ಕೆ 10,000, ಒಂದು ಸ್ಟ್ಯಾಟ್ ತುಂಬೋಕೆ 26 ಬೇಕು. ಬದಲಿಗೆ ಪವರ್ ಆಂಕ್ಲೆಟ್ ಹಿಡಿಸಿ ಫ್ಲೆಚ್ಲಿಂಗ್ ಹೊಡೀರಿ: ಅದರದ್ದು 1, ಆಂಕ್ಲೆಟ್‌ದು 8, ಒಂದಕ್ಕೆ 9. 28 ಹೊಡೆದ್ರೆ ಸ್ಪೀಡ್ ಸರಿಯಾಗಿ 252. ಅಟ್ಯಾಕ್‌ಗೆ ಪವರ್ ಬ್ರೇಸರ್ ಹಾಕಿ ಯಂಗೂಸ್, ಅದೂ 28. ಇದೆಲ್ಲ ಶುರು ಮಾಡೋ ಮುಂಚೆ ಕಥೆ ಆಡೋವಾಗ ಸೇರಿರೋ ಈವಿ ಅಳಿಸ್ಬೇಕು, ಇಲ್ಲದಿದ್ರೆ ಒಟ್ಟು 510ರ ಮಿತಿ ಅಡ್ಡ ಬರತ್ತೆ. ಡಿಎಲ್‌ಸಿ ಇದ್ರೆ ಫ್ರೆಶ್-ಸ್ಟಾರ್ಟ್ ಮೋಚಿ ಒಂದೇ ಸಾಕು, ಇಲ್ಲಾಂದ್ರೆ ಪೋಮೆಗ್, ಕೆಲ್ಪ್ಸಿ ತರದ ಬೆರ್ರಿ, ಒಂದಕ್ಕೆ 10 ಇಳಿಯತ್ತೆ.

ಮಿಂಟ್ ದುಡ್ಡಿಗೆ ಅಮುಲೆಟ್ ಕಾಯಿನ್ ಹಿಡಿಸಿ ಅಕಾಡೆಮಿ ಏಸ್ ಟೂರ್ನಮೆಂಟ್ ಆಡಿ.

ಹುಬ್ಳಿಹುಲಿ
ಅಡಮಂಟ್ ಹಾಕೂದು ಆತು ಅಂದ್ರ ಒಂದ ಮಾತು ಕೇಳ್ರಿ. ಟೇಲ್‌ವಿಂಡ್ ಮುಗಿದ ಐದನೇ ಟರ್ನಿಗೆ ಗಾರ್ಚಾಂಪ್ ಹೊರಗ ಇಡಬ್ಯಾಡ್ರಿ, ಇಲ್ಲಾ ಪ್ರೊಟೆಕ್ಟ್ ಕೊಟ್ಟಿರ‍್ರಿ.

ಬೆಣ್ಣೆದೋಸೆ_99
ಪ್ರೊಟೆಕ್ಟ್ ಇದೆ. ಅರ್ಥ್‌ಕ್ವೇಕ್ ಹಾಕಿದ್ರೆ ಪಕ್ಕದ ವಿಮ್ಸಿಕಾಟ್‌ಗೂ ಬೀಳತ್ತಲ್ವಾ?

ಸುಮ್ನೆಬಂದೆ
ಬೀಳತ್ತೆ. ಸ್ಟಾಂಪಿಂಗ್ ಟ್ಯಾಂಟ್ರಮ್ ಹಾಕಿ.

ಕುಡ್ಲ_ಟ್ರೈನರ್
ಗ್ರಾಸ್ ಟೈಪ್‌ಗೆ ಅರ್ಧ ಏಟು ಮಾತ್ರ ಮಾರಾಯ್ರೆ. ಆದರೂ ಸ್ಯಾಶ್ ಮುರೀತದೆ.